ಇಲ್ಲದ ಪೈಪಿನ ನೀರು

ಮಾರ್ಚ್ ತಿಂಗಳ ಕೊನೆಗೆ, ಮುಂಬೈ ಹೊರಗಿನ ನಮ್ಮ ಪಾಲಿಕೆಯ ಜನಸಂಪರ್ಕ ವಿಭಾಗದಲ್ಲಿ ಹಿಂದಿನ ವರ್ಷದ ಬೇಸಿಗೆ ಪ್ರಕಟಣೆಗಳ ಕಟ್ಟು ಕಪಾಟಿನಿಂದ ಹೊರಗೆ ಬರುತ್ತಿತ್ತು. ಯಾವ ವಾರ್ಡಿಗೆ ಯಾವ ದಿನ ನೀರು ಬಂದ್, ಎಲ್ಲಿಯ ನೀರಿನ ಟಾಕಿ ತೊಳೆಯುವ ಕೆಲಸ. ಅಂಗಳಕ್ಕೆ ಪೈಪು ಹಿಡಿಯಬೇಡಿ, ಕತ್ತರಿಸಿಟ್ಟ ಕಲ್ಲಂಗಡಿ ತಿನ್ನಬೇಡಿ, ಮಟಮಟ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡಬೇಡಿ. ವರ್ಷವೂ ಅದೇ ಮಾತು. ತಾರೀಖು ಬದಲಿಸಿ ಮರಾಠಿಯಲ್ಲಿ ಟೈಪು ಮಾಡಿ, ಸೈಕ್ಲೋಸ್ಟೈಲ್ ತೆಗೆಸಿ, ಸ್ಥಳೀಯ ಪತ್ರಿಕೆಗಳಿಗೂ ವಾರ್ಡ್ ಕಚೇರಿಗಳ ಬೋರ್ಡಿಗೂ ಕಳಿಸುವುದು ನನ್ನ ಕೆಲಸ. ಇದನ್ನು ಓದುವವರು ಯಾರು, ಓದಿ ಏನು ಮಾಡುತ್ತಾರೆ ಎಂದು ನಾನು ಕೇಳಿಕೊಂಡವಳಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ.

ಏಪ್ರಿಲಿನ ಒಂದು ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಬೆವೆತು ಕಚೇರಿಗೆ ಬಂದು ಕೂತಿದ್ದೆ. ಆರೋಗ್ಯ ಇಲಾಖೆಯ ಡಾಕ್ಟರ್ ನನ್ನ ಮೇಜಿನ ಹತ್ತಿರ ಬಂದು ಮರಾಠಿಯಲ್ಲಿ ಕೇಳಿದರು.

"ನಿಮಗೆ ಕಾನಡಿ ಬರುತ್ತದಲ್ಲ?"

ಬರುತ್ತದೆ ಎಂದೆ. ಮನೆಯಲ್ಲಿ ನಮ್ಮದು ತುಳು. ಕನ್ನಡ ನನಗೆ ಶಾಲೆಯಲ್ಲಿ ಬಂದದ್ದು. ಉಡುಪಿ ಕಡೆಯ, ಪುಸ್ತಕದ ಕನ್ನಡ.

"ಹಾಗಾದರೆ ಮೈಕು, ಭೋಂಗಾ ಕಟ್ಟಿಕೊಂಡು ರಿಕ್ಷಾದಲ್ಲಿ ಹೊರಡಿ. ವಿಠ್ಠಲವಾಡಿ ಕಡೆ, ಹಳಿಯ ಪಕ್ಕದ ಜೋಪಡಿಗಳ ಬಸ್ತಿಯಲ್ಲಿ ಕಾಮಾಲೆ ಎದ್ದಿದೆ. ಎಲ್ಲ ಗುಲ್ಬರ್ಗಾ ಕಡೆಯ ಜನ. ನಮ್ಮ ಮರಾಠಿ ಅವರಿಗೆ ಹತ್ತುತ್ತಿಲ್ಲ."

ಎಚ್ಚರಿಕೆಯ ಮರಾಠಿ ಪ್ರಕಟಣೆಯನ್ನು ಮೇಜಿನ ಮೇಲೇ ಕನ್ನಡಕ್ಕೆ ಇಳಿಸಿದೆ. ಹೊರಡುವಾಗ ನನಗೆ ಒಳಗೊಳಗೇ ಹೆಮ್ಮೆ ಇತ್ತೆಂದು ಹೇಳಬೇಕು. ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದ ನನ್ನ ಕನ್ನಡವನ್ನು ಮೊದಲ ಸಲ ಕಚೇರಿ ಕೇಳಿತ್ತು.

ಬಸ್ತಿ ಒಂದು ನಾಲೆಯ ದಂಡೆಗೆ ಅಂಟಿಕೊಂಡಿತ್ತು. ನಾಲೆಯಲ್ಲಿ ಹರಿಯುತ್ತಿದ್ದುದು ಮೇಲಿನ ಕಾರ್ಖಾನೆಗಳ ಬಣ್ಣ ಮತ್ತು ಸುತ್ತಲಿನ ಬಿಲ್ಡಿಂಗುಗಳ ಹೊಲಸು. ಗಂಡಸರು ಲಾರಿಗಳಿಗೆ ಮೂಟೆ ಹೊರುವವರು, ಹೆಂಗಸರು ಕಟ್ಟಡಗಳಲ್ಲಿ ಸಿಮೆಂಟು ತುಂಬಿದ ಘಮೇಲಾ ತಲೆಯ ಮೇಲೆ ಹೊರುವವರು. ಇಡೀ ಬಸ್ತಿಗೆ ಒಂದೇ ನಳ. ನೀರು ಬಿಡುವ ಹೊತ್ತಿಗೆ ಅದರ ಮುಂದೆ ಕೊಡಗಳ ಸಾಲು ರೈಲು ಹಳಿಯವರೆಗೂ ಹೋಗುತ್ತಿತ್ತು.

ರಿಕ್ಷಾದಲ್ಲಿ ಕೂತು ಮೈಕು ಹಿಡಿದು ಓದಿದೆ. "ನಾಗರಿಕ ಬಂಧುಗಳೇ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಶೋಧಿಸಿ ಸೇವಿಸತಕ್ಕದ್ದು. ಕಾಮಾಲೆಯ ಲಕ್ಷಣಗಳು ಕಂಡುಬಂದಲ್ಲಿ..."

ಸಾಲಿನಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಬ್ಬ ಮುದುಕಿ ಕೊಡ ಅಲ್ಲೇ ಬಿಟ್ಟು ರಿಕ್ಷಾದ ಹತ್ತಿರ ಬಂದಳು.

"ಏನಂತಿದಿ ಬಾಯಿ? ನೀರು ಕಾಸಿ ಕುಡೀರಿ ಅಂತಿಯೇನು?"

"ಹೌದಮ್ಮ."

"ಕಾಸಾಕ ರಾಕೆಲ್ ಎಣ್ಣಿ ಯಾರು ಕೊಡ್ತಾರ? ರೇಶನ್ ಕಾರ್ಡ್ ಇಲ್ಲ ನಮಗ. ಸೆಂಟ್ರಿಂಗ್ ಕಟಗಿ ಆರಿಸಿ ತಂದು ರೊಟ್ಟಿ ಸುಡ್ತೀವಿ. ರೊಟ್ಟಿ ಸುಡೂದೋ, ನೀರು ಕಾಸೂದೋ, ನೀನಽ ಹೇಳು."

ನಾನು ಕೈಯಲ್ಲಿದ್ದ ಕಾಗದದ ಮೇಲೆ ಕಣ್ಣಾಡಿಸಿದೆ. ಮುದುಕಿಯ ಹಿಂದೆ ಅವಳ ಸೊಸೆ ನಿಂತಿದ್ದಳು. ತುಂಬಿದ ಬಸುರಿ, ಹೆಸರು ಮಾದೇವಿ. "ಅತ್ತಿ, ಅವರ ಮ್ಯಾಲ ಯಾಕ ಹರಿಹಾಯ್ತಿ? ಕಳಿಸ್ಯಾರ, ಬಂದಾರ," ಎಂದು ಅತ್ತೆಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಎಕ್ಕಾ, ಸೇವಿಸತಕ್ಕದ್ದು ಅಂದ್ರ ನಮಗ ತಿಳಿಯಂಗಿಲ್ರಿ. ಕಾಮಾಲೆ ಅಂದ್ರೂ ತಿಳಿಯಂಗಿಲ್ಲ. ಕಾಮಣಿ ಅನ್ರಿ, ತಿಳೀತದ," ಎಂದಳು.

ಮರುದಿನದಿಂದ ಕಾಗದ ಬಿಟ್ಟೆ. ಮಾದೇವಿ ಹೇಳಿಕೊಟ್ಟ ಮಾತುಗಳನ್ನೇ ಮೈಕಿನಲ್ಲಿ ಹೇಳಿದೆ. ಸೀಮೆಎಣ್ಣೆ ಕೊಡಿಸುವುದು ಡಾಕ್ಟರ್ ಕೈಯಲ್ಲಿರಲಿಲ್ಲ. ಕ್ಲೋರಿನ್ ಗುಳಿಗೆ ಕೊಟ್ಟರು. ಕೊಡಕ್ಕೊಂದು ಗುಳಿಗೆ ಹಾಕಿ, ಮುಚ್ಚಿಟ್ಟು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಮನೆಮನೆಗೆ ಹಂಚಿದೆವು. ಎರಡು ದಿನ ಬಿಟ್ಟು ಹೋದರೆ ಗುಳಿಗೆಗಳು ನಾಲೆಯ ದಂಡೆಯ ಮೇಲೆ ಬಿದ್ದಿದ್ದವು. ಅವು ಮಕ್ಕಳಾಗದಂತೆ ಮಾಡುವ ಗುಳಿಗೆ, ಸರ್ಕಾರದವರು ನೀರಿಗೆ ಹಾಕಿಸಿ ಕುಡಿಸುತ್ತಿದ್ದಾರೆ ಎಂದು ಯಾರೋ ಹಬ್ಬಿಸಿದ್ದರು. ನೀರಿಗೆ ಬರುವ ಔಷಧಿ ವಾಸನೆ ಆ ಮಾತಿಗೆ ಸಾಕ್ಷಿಯಾಗಿತ್ತು.

ಅದನ್ನು ಬಿಡಿಸಿದವಳು ಮಾದೇವಿ. ನಳದ ಸಾಲಿನ ಮುಂದೆ, ಎಲ್ಲರ ಎದುರಿಗೆ, ಗುಳಿಗೆ ಹಾಕಿಟ್ಟಿದ್ದ ಕೊಡದಿಂದ ತಂಬಿಗೆ ತುಂಬಿಕೊಂಡು ಗಟಗಟ ಕುಡಿದಳು. ಸೀರೆಯ ಮೇಲಿಂದಲೇ ಹೊಟ್ಟೆ ಸವರಿಕೊಂಡು, "ಕೂಸು ಹೊಟ್ಯಾಗ ಇಟ್ಕೊಂಡು ನಾನಽ ಕುಡದೀನಿ. ನಿಮಗೇನು ಧಾಡಿ?" ಎಂದಳು. ಹೆಂಗಸರು ನಕ್ಕರು. ಆ ಸಂಜೆ ಗುಳಿಗೆ ಕೇಳಿಕೊಂಡು ಅವಳ ಜೋಪಡಿಗೇ ಬಂದರು. ಆಮೇಲೆ ಹಂಚುವ ಕೆಲಸ ಅವಳೇ ನೋಡಿಕೊಂಡಳು. ನಾನು ಹೋದಾಗಲೆಲ್ಲ ಯಾರ ಮನೆಯಲ್ಲಿ ಯಾರಿಗೆ ಜ್ವರ, ಯಾರಿಗೆ ಊಟ ಸೇರುತ್ತಿಲ್ಲ ಎಂದು ಬಾಯಲ್ಲೇ ಒಪ್ಪಿಸುತ್ತಿದ್ದಳು.

ಕೆಲಸ ಕೈಹತ್ತುತ್ತಿದೆ ಎಂಬ ಖುಷಿಯಲ್ಲಿ ಡಾಕ್ಟರರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಆ ಹೆಂಗಸಿಗೆ ಎಷ್ಟನೇ ತಿಂಗಳು ಎಂದರು. ಎಂಟರ ಹತ್ತಿರ ಇರಬೇಕು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ, ಈ ಕಾಮಾಲೆ ನೀರಿನಿಂದ ಬರುವುದು. ಗಂಡಸರು ಮಕ್ಕಳು ತಿಂಗಳೊಪ್ಪತ್ತು ಮಲಗಿ ಎದ್ದುಬಿಡುತ್ತಾರೆ. ತುಂಬಿದ ಬಸುರಿಗೆ ಬಂದರೆ ಮಾತ್ರ ಕಷ್ಟ. ಮತ್ತೆ, ಇವತ್ತು ಹಳದಿಯಾದ ಕಣ್ಣು ಇವತ್ತು ಕುಡಿದ ನೀರಿನದ್ದಲ್ಲ. ತಿಂಗಳ ಹಿಂದೆ ಕುಡಿದದ್ದರದ್ದು."

"ಅಂದರೆ ಈಗ ನಾನು ಹೇಳುತ್ತಿರುವುದು?"

"ಮುಂದಿನ ತಿಂಗಳವರಿಗೆ."

ಮುಂದಿನ ತಿಂಗಳವರಿಗಾದರೂ ಆಗಬೇಕೆಂದರೆ ಹೊಲಸು ಎಲ್ಲಿ ಸೇರುತ್ತಿದೆ ಎಂದು ಹುಡುಕಲೇಬೇಕಿತ್ತು. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ನನ್ನ ಜೊತೆ ರಿಕ್ಷಾದಲ್ಲಿ ಬಂದ. ದೊಡ್ಡ ರಸ್ತೆಯ ನಳದಲ್ಲಿ ಸಣ್ಣ ಗಾಜಿನ ಕೊಳವೆಗೆ ನೀರು ಹಿಡಿದು ಅದಕ್ಕೆ ಔಷಧದ ಹನಿ ಬಿಟ್ಟ. ನೀರು ತಿಳಿ ಹಳದಿಯಾಯಿತು. ಕ್ಲೋರಿನ್ ಇದೆ ಎಂದರ್ಥ. ಬಸ್ತಿಯ ನಳದ ನೀರಿಗೂ ಹನಿ ಬಿಟ್ಟ. ಬಣ್ಣ ಬರಲಿಲ್ಲ. ಅಲುಗಾಡಿಸಿದ, ಬೆಳಕಿಗೆ ಹಿಡಿದ, ಮತ್ತೊಮ್ಮೆ ಮಾಡಿದ. ಆಗಲೂ ಬರಲಿಲ್ಲ. ರಸ್ತೆಯಿಂದ ಬಸ್ತಿಗೆ ಬರುವಷ್ಟರಲ್ಲಿ ನೀರಿಗೆ ಏನೋ ಆಗುತ್ತಿತ್ತು.

ಪೈಪಿನ ಜಾಡು ಹಿಡಿದು ನಡೆದೆವು. ದೊಡ್ಡ ಲೈನಿನಿಂದ ಯಾರೋ ಎಂದೋ ಒಂದು ಕವಲು ತೆಗೆದಿದ್ದರು. ಅದು ನೇರವಾಗಿ ನಾಲೆಗೆ ಇಳಿದು, ಹೊಲಸಿನೊಳಗೇ ಹಾದು, ಆಚೆ ದಂಡೆಯಲ್ಲಿ ಮೇಲಕ್ಕೆ ಬಂದಿತ್ತು. ಕಬ್ಬಿಣದ ಪೈಪು ಮುಗಿದು ರಬ್ಬರಿನದ್ದು ಶುರುವಾಗುವ ಜಾಗ ನಾಲೆಯ ನಡುವಿನಲ್ಲಿತ್ತು. ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿದಿದ್ದರು. ಇನ್ಸ್‌ಪೆಕ್ಟರ್ ಕೋಲಿನಿಂದ ಅದನ್ನು ಎತ್ತಿ ತೋರಿಸಿದ.

"ನೀರು ಬಿಟ್ಟಾಗ ಇಲ್ಲಿಂದ ಹೊರಕ್ಕೆ ಚಿಮ್ಮುತ್ತದೆ, ತೊಂದರೆಯಿಲ್ಲ. ಬಂದ್ ಮಾಡಿದಾಗ ಪೈಪು ಖಾಲಿಯಾಗುತ್ತದಲ್ಲ, ಆಗ ಸುತ್ತ ಇದ್ದದ್ದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ."

ನಾನು ನಿಂತಲ್ಲೇ ನಿಂತೆ. ಬೇಸಿಗೆ ಏರಿದಂತೆ ನೀರು ಬಂದ್ ಆಗುವ ದಿನಗಳೂ ಏರುತ್ತವೆ. ಅದನ್ನು ಊರಿಗೆಲ್ಲ ತಿಳಿಸುವವಳು ನಾನೇ. ಬಂದ್ ಆದ ಪ್ರತಿ ಸಲವೂ ಈ ಪೈಪು ಇಲ್ಲಿ ನಾಲೆ ಕುಡಿಯುತ್ತಿತ್ತು.

ನೀರು ಸರಬರಾಜಿನ ಎಂಜಿನಿಯರ್ ಕೆಟ್ಟ ಮನುಷ್ಯನಲ್ಲ. ಕೂರಿಸಿ, ಚಹಾ ತರಿಸಿ, ನಕ್ಷೆ ಬಿಡಿಸಿ ತೋರಿಸಿದರು. ನಕ್ಷೆಯಲ್ಲಿ ದೊಡ್ಡ ಲೈನಿತ್ತು, ನಾಲೆಯಿತ್ತು, ಹಳಿಯಿತ್ತು. ಬಸ್ತಿ ಇರಲಿಲ್ಲ. ಕವಲೂ ಇರಲಿಲ್ಲ.

"ಇಲ್ಲದ ಪೈಪನ್ನು ನಾನು ಹೇಗೆ ರಿಪೇರಿ ಮಾಡಿಸಲಿ ಹೇಳಿ ಮ್ಯಾಡಮ್? ರಿಪೇರಿ ಮಾಡಿಸಿದರೆ ಅದು ನಮ್ಮದೆಂದು ಒಪ್ಪಿದ ಹಾಗೆ. ಆ ಜಾಗ ರೈಲ್ವೆಯದು. ನೀವು ಲಿಖಿತದಲ್ಲಿ ದೂರು ಕೊಟ್ಟರೆ, ಅಥವಾ ಆ ನೀರು ಕುಡಿಯಲು ಯೋಗ್ಯವಲ್ಲ ಎಂದು ಪಾಲಿಕೆಯ ಹೆಸರಿನಲ್ಲಿ ಸಾರಿದರೆ, ನಾನು ಕತ್ತರಿಸಲೇಬೇಕು. ಮಾಡಲು ಬರುವುದು ಅದೊಂದೇ."

"ಕತ್ತರಿಸಿದರೆ ಅವರಿಗೆ ನೀರು?"

"ಟ್ಯಾಂಕರ್ ಕೇಳಬಹುದು. ಮೇ ತಿಂಗಳಲ್ಲಿ ಟ್ಯಾಂಕರ್ ಯಾರಿಗೆ ಬೇಡ?"

ಆ ವಾರ ಬಸ್ತಿಗೆ ಹೋದಾಗ ಮಾದೇವಿ ನಳದ ಹತ್ತಿರ ಇರಲಿಲ್ಲ. ಜೋಪಡಿಯೊಳಗೆ ಗೋಣಿಚೀಲದ ಮೇಲೆ ಮಲಗಿದ್ದಳು. ಮೂರು ದಿನದಿಂದ ಊಟ ಸೇರುತ್ತಿಲ್ಲ, ವಾಂತಿ ಎಂದಳು ಅತ್ತೆ. ನಾನು ಬಗ್ಗಿ ನೋಡಿದೆ. ತಗಡಿನ ಸಂದಿನಿಂದ ಬೀಳುತ್ತಿದ್ದ ಬೆಳಕಿನಲ್ಲಿ ಅವಳ ಕಣ್ಣಿನ ಬಿಳಿ ಅರಿಸಿನ ಬಣ್ಣಕ್ಕೆ ತಿರುಗಿತ್ತು.

ಅಂದೇ ಡಾಕ್ಟರರನ್ನು ಕರೆತಂದೆ. ಅವರು ನಾಡಿ ನೋಡಿ, ಹೊಟ್ಟೆ ಮುಟ್ಟಿ, ನಾಳೆಯೇ ಆಸ್ಪತ್ರೆಗೆ ಸೇರಿಸಬೇಕು ಎಂದರು. ಹೊರಗೆ ಬಂದು ನನಗೊಬ್ಬಳಿಗೇ ಕೇಳುವಂತೆ, "ಭರವಸೆ ಕೊಡಬೇಡಿ," ಎಂದರು.

ಡಾಕ್ಟರ್ ಹೋದ ಮೇಲೆ ಬಸ್ತಿಯ ಮುಕಾದಮ ಬಂದ. ಈ ಜನರನ್ನೆಲ್ಲ ಊರಿನಿಂದ ಕರೆತಂದು ಲಾರಿ ಅಡ್ಡೆಗೆ ಹಚ್ಚಿದವನು ಅವನೇ. ನಾವು ಪೈಪು ನೋಡಿಕೊಂಡು ಹೋದ ಸುದ್ದಿ ಅವನಿಗೆ ಮುಟ್ಟಿತ್ತು. ಅವನ ಜೊತೆ ಹತ್ತಾರು ಜನ ಜೋಪಡಿಯ ಮುಂದೆ ಸೇರಿದರು. ನಾನು ಮುಚ್ಚಿಡಲಿಲ್ಲ. ನಾಲೆಯೊಳಗಿನ ಸಂದು, ಎಂಜಿನಿಯರ್ ಹೇಳಿದ್ದು, ಎಲ್ಲ ಹೇಳಿದೆ.

"ನೀವು ಬಾಯಿ ಬಿಟ್ರ ನಳ ಹೋಗ್ತದ," ಮುಕಾದಮ ಹೇಳಿದ. ದನಿ ಏರಿಸಲಿಲ್ಲ. "ಈ ನಳ ತರಾಕ ನಾವು ಎಷ್ಟು ಮಂದಿ ಕಾಲು ಹಿಡದೀವಿ ನಿಮಗ ಗೊತ್ತಿಲ್ಲ. ಹೋದ್ರ ಹೊಸಾದು ನೀವು ಕೊಡಿಸ್ತೀರೇನು?"

"ಅದು ನನ್ನ ಕೈಯಲ್ಲಿಲ್ಲ."

"ಮತ್ತ? ಹೊಲಸು ನೀರು ಕುಡದು ನಾಕು ಮಂದಿ ಬೀಳ್ತಾರ. ನೀರಽ ಇಲ್ಲಂದ್ರ ಎಲ್ಲಾರೂ ಬೀಳ್ತಾರ."

ಅವನ ಮಾತಿನಲ್ಲಿ ತಪ್ಪೇನಿತ್ತು? ಗುಳಿಗೆ ಹಾಕಿಕೊಂಡೇ ಆ ನೀರು ಕುಡಿಯಲಿ ಎಂದು ಬಿಟ್ಟುಬಿಡುವ ಮನಸ್ಸೂ ಆಯಿತು. ಆದರೆ ಕೊಳೆತ ನೀರಿಗೆ ಒಂದು ಗುಳಿಗೆ ಎಲ್ಲಿಗೆ ಸಾಲುತ್ತದೆ ಎಂದು ಇನ್ಸ್‌ಪೆಕ್ಟರ್ ಮೊದಲೇ ಹೇಳಿದ್ದ.

ಒಳಗಿನಿಂದ ಮಾದೇವಿ ಅತ್ತೆಯನ್ನು ಕರೆದಳು. ಅತ್ತೆ ಒಳಗೆ ಹೋಗಿ ಬಂದು ನನ್ನನ್ನು ಕೈಸನ್ನೆ ಮಾಡಿ ಕರೆದಳು. ಮಾದೇವಿ ಗೋಡೆಗೆ ಒರಗಿ ಕೂರಲು ನೋಡುತ್ತಿದ್ದಳು.

"ಎಕ್ಕಾ, ಮೈಕಿನ್ಯಾಗ ಹೇಳ್ರಿ. ಆ ನಳದ ನೀರು ಯಾರೂ ಬಾಯಿಗಿ ಹಚ್ಚಬ್ಯಾಡ್ರಿ ಅಂತ ಹೇಳಿಬಿಡ್ರಿ."

"ನಳ ತೆಗೆದುಬಿಡ್ತಾರೆ ಮಾದೇವಿ."

"ತಗೀಲಿ. ನಮ್ಮ ಓಣ್ಯಾಗ ಇನ್ನಾ ಇಬ್ಬರು ಬಸರಿ ಅದಾರ್ರಿ. ನನ್ನ ಮಾತು ಕೇಳಿ ಗುಳಗಿ ಹಾಕ್ಕೊಂಡು ಅದಽ ನೀರು ಕುಡೀಲಕತ್ತಾರ. ಅವರಿಗಿ ಹೆಂಗರ ತಿಳೀಬೇಕು?"

ಹೊರಗೆ ನಿಂತವರಿಗೆಲ್ಲ ಅದು ಕೇಳಿಸಿತ್ತು. ಮುಕಾದಮ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ದಾರಿ ಬಿಟ್ಟು ಪಕ್ಕಕ್ಕೆ ಸರಿದ. ನಾನು ರಿಕ್ಷಾಕ್ಕೆ ಹೋಗಿ ಮೈಕು ಹಿಡಿದೆ. ಮೇಲಿನವರ ಒಪ್ಪಿಗೆ ಕೇಳಿರಲಿಲ್ಲ, ಕೇಳಿದ್ದರೆ ಸಿಗುತ್ತಿರಲಿಲ್ಲ. ಪಾಲಿಕೆಯ ಹೆಸರು ಹೇಳಿ, ಈ ನಳದ ನೀರಿಗೆ ನಾಲೆಯ ಹೊಲಸು ಸೇರುತ್ತಿದೆ, ಯಾರೂ ಕುಡಿಯಬೇಡಿ, ಬಸುರಿಯರು ಬಾಯಿಗೂ ಹಾಕಬೇಡಿ ಎಂದು ಬಸ್ತಿಯ ಉದ್ದಕ್ಕೂ ಹೇಳಿದೆ. ಕಚೇರಿಗೆ ಮರಳಿ ಎಂಜಿನಿಯರರಿಗೆ ಲಿಖಿತವಾಗಿಯೂ ಕೊಟ್ಟೆ.

ಕತ್ತರಿಸುವ ಗ್ಯಾಂಗು ಮರುದಿನವೇ ಬಂತು. ನಮ್ಮ ಪಾಲಿಕೆಯಲ್ಲಿ ಯಾವ ಕೆಲಸವೂ ಅಷ್ಟು ಬೇಗ ಆದದ್ದನ್ನು ನಾನು ಕಂಡಿರಲಿಲ್ಲ. ಕವಲನ್ನು ಕೊಯ್ದು ಬಾಯಿಗೆ ಕಬ್ಬಿಣದ ಮುಚ್ಚಳ ಬಿಗಿದು ಹೋದರು. ಡಾಕ್ಟರ್ ಆಯುಕ್ತರ ಕಚೇರಿಗೆ ಅಲೆದು ಟ್ಯಾಂಕರ್ ಹಾಕಿಸಿದರು. ಮೊದಲ ವಾರ ಅದು ದಿನವೂ ಬಂತು. ಆಮೇಲೆ ದಿನ ಬಿಟ್ಟು ದಿನ. ಮೇ ನಡುವಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೆಂಗಸರು ಹಳಿ ದಾಟಿ ಸ್ಟೇಶನ್ನಿನ ನಳಕ್ಕೆ ಹೋಗತೊಡಗಿದರು. ಅಲ್ಲಿ ಪೊಲೀಸರು ಓಡಿಸಿದಾಗ ಕಟ್ಟಡಗಳ ಕ್ಯೂರಿಂಗ್ ಟಾಕಿಯಿಂದ, ಸಿಮೆಂಟಿಗೆ ಹೊಡೆಯುವ ನೀರನ್ನೇ ತುಂಬಿ ತಂದರು. ನನ್ನನ್ನು ಕಂಡರೆ ಕೆಲವರು ಮುಖ ತಿರುಗಿಸುತ್ತಿದ್ದರು. ನಾನು ಗುಳಿಗೆ ಕೊಟ್ಟೆ, ತೆಗೆದುಕೊಂಡರು.

ಮಾದೇವಿಯನ್ನು ಮೊದಲು ನಮ್ಮದೇ ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲಿ ಸಲೈನ್ ಹಚ್ಚಿದರು. ಕಾಯಿಲೆ ತಲೆಗೇರಿ ಅವಳು ಏನೇನೋ ಮಾತಾಡಲು ಶುರುಮಾಡಿದಾಗ, ಇಲ್ಲಿ ಆಗುವುದಿಲ್ಲ, ಮುಂಬೈಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಗಂಡ, ಅತ್ತೆ, ನಾನು. ಥಾಣೆ ದಾಟುವವರೆಗೂ ಅವಳು ಅತ್ತೆಯ ಕೈ ಹಿಡಿದು, ಕೊಡ ಸಾಲಿನಲ್ಲಿಟ್ಟು ಬಂದೀನಿ, ಯಾರರ ಸರಿಸ್ಯಾರು, ನೋಡ್ಕೊಳ್ರಿ ಎನ್ನುತ್ತಿದ್ದಳು. ಆಮೇಲೆ ಮಾತು ನಿಂತಿತು. ಆ ದೊಡ್ಡ ಆಸ್ಪತ್ರೆಯಲ್ಲಿ ಅವಳು ಮತ್ತೆ ಕಣ್ಣು ತೆರೆಯಲಿಲ್ಲ. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಎರಡು ದಿನಕ್ಕೆ ಅವಳೂ ಹೋದಳು. ಅವಳ ಗಂಡ ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತವನು, ಕರೆದರೂ ತಿರುಗಲಿಲ್ಲ.

ನಾನು ಮನೆಗೆ ಬಂದು ಸ್ನಾನಕ್ಕೆಂದು ಬಕೆಟ್ಟಿಗೆ ನಳ ಬಿಟ್ಟೆ. ನೀರು ತುಂಬಿ ಹೊರಚೆಲ್ಲುವವರೆಗೂ ಅದನ್ನು ನಿಲ್ಲಿಸಬೇಕೆಂದು ನನಗೆ ತೋಚಲಿಲ್ಲ.

ಜೂನಿನಲ್ಲಿ ಮಳೆ ಬಿತ್ತು. ಹೊಸ ಕಾಮಾಲೆ ಕಡಿಮೆಯಾಯಿತು. ಓಣಿಯ ಆ ಇಬ್ಬರು ಬಸುರಿಯರಲ್ಲಿ ಒಬ್ಬಳು ನಳ ಹೋದ ವಾರವೇ ಊರಿಗೆ ಹೊರಟುಹೋಗಿದ್ದಳು, ಏನಾಯಿತೋ ತಿಳಿಯಲಿಲ್ಲ. ಇನ್ನೊಬ್ಬಳು ಇಲ್ಲೇ ಹಡೆದಳು. ತಾಯಿ ಮಗು ನೆಟ್ಟಗಿದ್ದರು. ಅದು ನಳ ಕತ್ತರಿಸಿದ್ದರಿಂದಲೋ, ಅವಳ ಅದೃಷ್ಟದಿಂದಲೋ ನಾನು ಹೇಳಲಾರೆ.

ಕಚೇರಿಯಲ್ಲಿ ನನ್ನ ಮೇಲಧಿಕಾರಿ ಕರೆದರು. ಕೇಳದೆ ಮೈಕಿನಲ್ಲಿ ಸಾರಿದ್ದಕ್ಕೆ ನನ್ನನ್ನು ಗದರಿಸಿ ಆಗಿತ್ತು. ಈಗ ಬೇರೆ ಮಾತು. ಪಾಲಿಕೆಯ ಸಕಾಲಿಕ ಕ್ರಮದಿಂದ ಕಾಮಾಲೆ ಹತೋಟಿಗೆ ಬಂದಿದೆ, ಪಾಲಿಕೆಯ ಸರಹದ್ದಿನಲ್ಲಿ ಒಂದೂ ಸಾವು ಸಂಭವಿಸಿಲ್ಲ ಎಂದು ಪ್ರಕಟಣೆ ತಯಾರಿಸಿ ಎಂದರು.

"ಸರ್, ಒಬ್ಬಳು ಸತ್ತಿದ್ದಾಳೆ. ನಾನು ಜೊತೆಗಿದ್ದೆ."

"ಸತ್ತಿದ್ದು ಮುಂಬೈಯಲ್ಲಿ. ಅದು ಅಲ್ಲಿನ ಲೆಕ್ಕಕ್ಕೆ. ನಾವು ಸುಳ್ಳೇನೂ ಹೇಳುತ್ತಿಲ್ಲವಲ್ಲ."

ನಾನು ಬರೆಯುವುದಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಪಕ್ಕದ ಮೇಜಿನವನನ್ನು ಕರೆದರು. ಅವನು ಚಹಾ ಮುಗಿಸುವಷ್ಟರಲ್ಲಿ ಬರೆದುಕೊಟ್ಟ. ಎರಡು ದಿನ ಬಿಟ್ಟು ಸ್ಥಳೀಯ ಪತ್ರಿಕೆಗಳಲ್ಲಿ ಅಕ್ಷರವೂ ಬದಲಾಗದೆ ಬಂತು. ನಾನು ಬರೆಯದಿದ್ದುದರಿಂದ ಆದ ವ್ಯತ್ಯಾಸ ಇಷ್ಟೇ: ಒಂದು ಚಹಾದ ಹೊತ್ತು.

ಭಾನುವಾರ ನಾನಾಗಿಯೇ ಬಸ್ತಿಗೆ ಹೋದೆ. ಮುದುಕಿ ಜೋಪಡಿಯ ಮುಂದೆ ಸೌದೆಯ ಚೂರುಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ಮಗ ಮತ್ತೆ ಲಾರಿ ಅಡ್ಡೆಗೆ ಹೋಗುತ್ತಿದ್ದಾನೆ ಎಂದಳು. ಕೂರು ಎಂದು ಗೋಣಿ ಹಾಸಿದಳು. ನನ್ನ ಚೀಲದಿಂದ ಪತ್ರಿಕೆಯ ಮೂಲೆ ಹೊರಗೆ ಕಾಣುತ್ತಿತ್ತು.

"ಪೇಪರ್‌ನ್ಯಾಗ ನಮ್ಮ ಬಸ್ತಿ ಸುದ್ದಿ ಬಂದದ ಅಂತ ಮುಕಾದಮ ಹೇಳ್ದ. ಅದಽ ಏನು? ಏನು ಬರದಾರ, ಓದು."

ಓದದೆ ಇರಬಹುದಿತ್ತು. ಬೇರೆ ಏನಾದರೂ ಹೇಳಬಹುದಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮರಾಠಿಯದನ್ನು ಒಂದೊಂದೇ ಮಾತಾಗಿ, ಮಾದೇವಿ ನನಗೆ ಕಲಿಸಿದ ಕನ್ನಡದಲ್ಲಿ ಹೇಳಿದೆ. ಕಾಮಣಿ ಈಗ ಇಲ್ಲ. ಪಾಲಿಕೆಯವರು ಬಾಳ ಕೆಲಸ ಮಾಡ್ಯಾರ. ಯಾರೂ ಸತ್ತಿಲ್ಲ.

ಮುದುಕಿಯ ಕೈ ಸೌದೆಯ ಮೇಲೆ ನಿಂತಿತು.

"ಯಾರೂ ಸತ್ತಿಲ್ಲಂತಾ?"

"ಹಂಗ ಬರದಾರ."

"ಹಂಗಾದ್ರ ನನ್ನ ಸೊಸಿ ಎಲ್ಲಿ ಹೋಗ್ಯಾಳಂತ? ಅದನ್ನೂ ಬರದಾರೇನು ನೋಡು."

ಅವಳು ಚುಚ್ಚಲೆಂದು ಕೇಳಿದ್ದಲ್ಲ. ಕಾಗದದಲ್ಲಿ ಇನ್ನೂ ಏನೋ ಇರಬಹುದು, ನಾನು ಓದಿ ಮುಗಿಸಿಲ್ಲ ಎಂದುಕೊಂಡು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು. ನಾನು ಪತ್ರಿಕೆ ಮಡಚಿದೆ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಟ್ಯಾಂಕರಿನ ಹಾರ್ನ್ ಕೇಳಿತು. ಮುದುಕಿ ಎದ್ದು, ಕೊಡ ಸೊಂಟಕ್ಕಿಟ್ಟುಕೊಂಡು ಹೊರಟಳು. ಉಳಿದ ಜೋಪಡಿಗಳಿಂದಲೂ ಹೆಂಗಸರು ಹೊರಬಿದ್ದರು. ಟ್ಯಾಂಕರ್ ಬಸ್ತಿಯದಾಗಿರಲಿಲ್ಲ, ಎದುರಿನ ಬಿಲ್ಡಿಂಗುಗಳ ಸೊಸೈಟಿಯವರು ತರಿಸಿಕೊಂಡದ್ದು. ಗೇಟು ತೆರೆಯಿತು, ಅದು ಒಳಗೆ ಹೋಯಿತು, ವಾಚ್‌ಮನ್ ಗೇಟು ಹಾಕಿಕೊಂಡ. ಅದರ ಹಿಂದಿನ ನಲ್ಲಿಯಿಂದ ರಸ್ತೆಯುದ್ದಕ್ಕೂ ನೀರು ಸೋರಿತ್ತು. ಹೆಂಗಸರು ಖಾಲಿ ಕೊಡ ಹಿಡಿದು ಗೇಟಿನ ಮುಂದೆ ಸಾಲು ನಿಂತರು.